ಹೊಸ್ತಿಲ ಒಳಗಿನ ಚಪ್ಪಲಿ

ನಮ್ಮೂರ ಗಿರ್ಜಾಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಮಾತು. "ಇದ್ಯಾಕ್ರಿ, ಎಲ್ಲಾರೂ ಚಪ್ಪಲಿ ಕೈಯಾಗ ಹಿಡ್ಕೊಂಡು ಒಳಗ ಹೋಗ್ತೀರಿ?" ನಾವು ಹೊರಗೆ ಒಂದು ಜೋಡಿಯನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ಕಳಚಿ, ಧೂಳು ಝಾಡಿಸಿ, ಒಳಗಿನ ಗೋಡೆಗುಂಟ ಸಾಲಾಗಿ ಇಡುತ್ತೇವೆ. ದೇವರ ಮನೆಯೊಳಗೆ ಚಪ್ಪಲಿಯೇ ಎಂದು ಮೂಗು ಮುರಿದ ಪಾದ್ರಿಗಳು ಎಷ್ಟೋ ಜನ. ಈಗ ಗಿರ್ಜಾವನ್ನು ರಿಪೇರಿ ಮಾಡಿಸಲು ಹೊರಟ ನಮ್ಮ ಹುಡುಗರು ನೆಲಕ್ಕೆ ಫರಶಿ ಹಾಸಿ, ಹೊರಗೆ ಚಪ್ಪಲಿ ಇಡಲು ಕಟ್ಟೆ ಕಟ್ಟುತ್ತಾರಂತೆ. ಕಟ್ಟಲಿ, ನಾನು ಸತ್ತ ಮೇಲೆ ಕಟ್ಟಲಿ. ನಾನಿರುವ ತನಕ ಆ ಹೊಸ್ತಿಲ ಹೊರಗೆ ಒಂದು ಚಪ್ಪಲಿಯೂ ಕಾಣಬಾರದು.

ಯಾಕೆ ಎಂದು ಕೇಳಿದರೆ ಹುಡುಗರು ನಕ್ಕು, "ಅಜ್ಜಿಗಿ ಅರವತ್ತಕ್ಕ ಅರಳು ಮರಳು" ಅನ್ನುತ್ತಾರೆ. ನನಗೆ ಅರವತ್ತು ದಾಟಿ ಎಷ್ಟೋ ಕಾಲವಾಯಿತು. ಮರಳೂ ಇಲ್ಲ, ಮಣ್ಣೂ ಇಲ್ಲ. ನೆನಪಿದೆ, ಅಷ್ಟೇ.

ನನ್ನ ತವರು ಔರಾದ ಕಡೆ. ಬೀದರಿನ ಮಿಶನ್ ಬೋರ್ಡಿಂಗಿನಲ್ಲಿ ನಾಲ್ಕಕ್ಷರ ಕಲಿತ ಹುಡುಗಿ ಎಂದು, ಭಾಲ್ಕಿಯಿಂದ ಸಾಯಗಾಂವದ ದಾರಿಗಿರುವ ಈ ಊರಿಗೆ ನನ್ನನ್ನು ಸೊಸೆ ಮಾಡಿಕೊಂಡರು. ನೋಡಲು ಬಂದ ದಿನ ಮಾವ ಕೇಳಿದ್ದು, "ಬೈಬಲ್ ಓದ್ಲಿಕ್ಕಿ ಬರ್ತದೇನವ್ವಾ?" ಬರ್ತದ ಅಂದೆ. ಮಾತು ಮುಗಿಯಿತು. ಮಾವನಿಗೆ ಓದು ಬಾರದು. ತೊಗಲಿನ ಕೆಲಸದವನು, ಊರಿಗೆಲ್ಲ ಚಪ್ಪಲಿ ಮಾಡುವವನು. ಆದರೆ ಗಿರ್ಜಾದ ಕೀಲಿ ಅವನ ಉಡದಾರದಲ್ಲಿ ಇರುತ್ತಿತ್ತು. ಪಾದ್ರಿ ಬೀದರಿನಿಂದ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಮಿಕ್ಕ ಆದಿತ್ಯವಾರಗಳಲ್ಲಿ ನಾನು ಓದುತ್ತಿದ್ದೆ, ಮಾವ ಪ್ರಾರ್ಥನೆ ಹೇಳುತ್ತಿದ್ದ.

ಆ ಗಿರ್ಜಾ ಎದ್ದ ಕಥೆಯನ್ನು ಮಾವ ಎಷ್ಟು ಸಲ ಹೇಳಿದರೂ ದಣಿಯುತ್ತಿರಲಿಲ್ಲ. ಮೊದಲು ಪ್ರಾರ್ಥನೆ ಬೇವಿನ ಮರದ ಕೆಳಗೆ ನಡೆಯುತ್ತಿತ್ತಂತೆ. ಕೇರಿಯವರೆಲ್ಲ ಸೇರಿ ಬೀದರ ಸೀಮೆಯ ಕೆಂಪು ಕಲ್ಲನ್ನು ಬಂಡಿಯಲ್ಲಿ ತಂದು ಹಾಕಿದರು. ಆದರೆ ನಮ್ಮ ಕೇರಿಗೆ ಕಾಲಿಡುವ ಗೌಂಡಿ ಯಾರು? ಕಲ್ಲು ಕಟ್ಟುವ ಕೈಗೆ ನಮ್ಮ ಮನೆಯ ನೀರು ಕುಡಿಯಲು ನಾಚಿಕೆ. ಕೊನೆಗೆ ಬಂದವನು ನಮ್ಮೂರಿನ ಒಬ್ಬ ಸಾಬ. ನಾನು ಬರುವ ಹೊತ್ತಿಗೆ ಊರಿಗೆಲ್ಲ ಅವನು ಗೌಂಡಿ ಚಾಚಾ. ಬಂದವನೇ ನಮ್ಮ ಅತ್ತೆಯ ಕೈಯಿಂದ ತಂಬಿಗೆ ಇಸಕೊಂಡು ಗಟಗಟ ನೀರು ಕುಡಿದು, "ಎಲ್ಲಿ ಅಗೀಬೇಕು ಹೇಳ್ರಿ" ಅಂದನಂತೆ. ಗೋಡೆ ಎದ್ದಿತು, ತೊಲೆ ಏರಿತು, ಜಂತಿ ಕೂತಿತು, ಮೇಲೆ ಮಣ್ಣಿನ ಮಾಳಿಗೆಯಾಯಿತು. ಕೂಲಿಯ ಮಾತು ಬಂದಾಗ ಕೇರಿಯವರು ಮುಖ ಮುಖ ನೋಡಿಕೊಂಡರು. ಆಗ ಮಾವ, "ನನ್ನ ಕೈ ನಡೆಯೋ ತನಕ ನಿನ್ನ ಕಾಲಿಗಿ ಚಪ್ಪಲಿ ನಂದು" ಅಂದ. ಚಾಚಾ ನಕ್ಕು ಒಪ್ಪಿದ.

ಅಂದಿನಿಂದ ವರ್ಷಕ್ಕೊಂದು ಜೋಡಿ. ಸುಣ್ಣದಲ್ಲಿ ನಿಲ್ಲುವ ಕಾಲು, ಸಾದಾ ತೊಗಲು ಸುಟ್ಟು ಹೋಗುತ್ತದೆ ಎಂದು ಮಾವ ಅವನ ಚಪ್ಪಲಿಗೆ ಮಾತ್ರ ಎರಡು ಅಟ್ಟೆ ಕೂಡಿಸಿ, ಎಣ್ಣೆ ಕುಡಿಸಿ, ಒತ್ತಾಗಿ ಹೊಲಿಯುತ್ತಿದ್ದ. ಎಷ್ಟು ತೊಳೆದರೂ ಹೊಲಿಗೆಯ ತೂತುಗಳಲ್ಲಿ ಸುಣ್ಣದ ಬಿಳುಪು ಉಳಿಯುತ್ತಿತ್ತು. ಊರಿನಲ್ಲಿ ಅಂಥ ಚಪ್ಪಲಿ ಮತ್ತೊಂದು ಇರಲಿಲ್ಲ.

ಆಮೇಲೆ ಆ ಕೆಟ್ಟ ಕಾಲ ಬಂತು. ನಿಜಾಮನ ಕಡೆಯ ರಜಾಕಾರರು ಊರೂರು ನುಗ್ಗುತ್ತಿದ್ದರು. ಇದ್ದವರು ಬಂಡಿ ಕಟ್ಟಿಕೊಂಡು ಗಡಿ ದಾಟಿ ಹೋದರು. ನಾವು ಎಲ್ಲಿಗೆ ಹೋಗುವುದು? ಒಮ್ಮೆ ಅವರು ನಮ್ಮ ಕೇರಿಯ ಬಾಯಿಗೇ ಬಂದು ನಿಂತಾಗ ಗೌಂಡಿ ಚಾಚಾ ಅಡ್ಡ ನಿಂತ. "ಇಲ್ಲಿ ಏನದ ಅಂತ ಬಂದೀರಿ? ಹರಕ ತೊಗಲು, ಮುರಕ ಗಡಗಿ. ನಡೀರಿ, ನಡೀರಿ" ಎಂದು ಬೈದು ಕಳಿಸಿದ. ಅವತ್ತು ನಾವು ಉಳಿದದ್ದು ಅವನಿಂದ.

ಪೊಲೀಸ್ ಆಕ್ಷನ್ ಎಂದರೆ ನಮಗೆ ಭಾಲ್ಕಿ ರಸ್ತೆಯಲ್ಲಿ ಲಾರಿಗಳು ಹೋದ ಸದ್ದು. ನಿಜಾಮ ಸೋತ ಅಂದರು, ಬೆಲ್ಲ ಹಂಚಿದರು, ನಾವೂ ತಿಂದೆವು. ಕೆಟ್ಟ ಕಾಲ ಮುಗಿಯಿತು ಅಂದುಕೊಂಡೆವು. ಎಲ್ಲಿಯ ಮುಗಿಯುವುದು! ಬಂದೂಕು ಹಿಡಿದು ಮೆರೆದವರು ಮೊದಲೇ ಓಡಿ ಹೋಗಿದ್ದರು. ಸೇಡು ತೀರಿಸಿಕೊಳ್ಳಲು ಹೊರಟವರ ಕೈಗೆ ಸಿಕ್ಕವರು ಗಾರೆಯ ಕರಣಿ ಹಿಡಿದವರು, ಹತ್ತಿ ಹಿಂಜುವವರು, ಬಳೆ ಮಾರುವ ಬಡ ಸಾಬರು. ದಿನಾ ಒಂದೊಂದು ಊರಿನ ಸುದ್ದಿ ಬರುತ್ತಿತ್ತು.

ಅವತ್ತು ಶನಿವಾರ. ಶನಿವಾರ ಮಧ್ಯಾಹ್ನ ಗಿರ್ಜಾದ ನೆಲ ಸಾರಿಸುವುದು ನಮ್ಮ ಮನೆಯ ಹೆಂಗಸರ ಕೆಲಸ. ಹೊರಗೆ ಜಿಟಿಜಿಟಿ ಮಳೆ. ನಾನೂ ಅತ್ತೆಯೂ ಸೆಗಣಿ ಸಾರಿಸಿ ಬಾಗಿಲ ತನಕ ಬಂದಿದ್ದೆವು. ತೊಗರಿ ಹೊಲದೊಳಗಿಂದ ಗೌಂಡಿ ಚಾಚಾ ಬಂದ. ಚಾಚಿಯನ್ನೂ ಮಕ್ಕಳನ್ನೂ ಹಿಂದಿನ ದಿನವೇ ಬೀದರಿಗೆ ದಾಟಿಸಿದ್ದ, ತಾನು ಉಳಿದಿದ್ದ. ಮೈಯೆಲ್ಲ ಕೆಸರು, ಉಸಿರು ಮೇಲೆ ಕೆಳಗೆ.

"ಬೇಟಿ, ಹಿಂದ ಬರ್ಲಿಕ್ಹತ್ಯಾರ" ಅಂದ.

"ಒಳಗ ಬರ್ರಿ ಚಾಚಾ, ಲಗೂನ ಬರ್ರಿ."

ಅವನು ನೆಲ ನೋಡಿದ. "ಹಸಿ ಸಾರಿಸೀರಿ" ಅಂದ.

"ನೆಲ ಹಾಳಾಗಿ ಹೋಗ್ಲಿ! ನಿಮ್ಮ ಜೀವ ನೋಡ್ರಿ ಮೊದ್ಲ" ಎಂದು ಅತ್ತೆ ಚೀರಿದಳು.

ಆದರೂ ಆ ಮನುಷ್ಯ ಚಪ್ಪಲಿ ಕಳಚಿದ. ತಾನೇ ಕಟ್ಟಿದ ಗಿರ್ಜಾ ಅದು. ಮಾಳಿಗೆ ಸೋರಿದರೆ ಏರುವವನು, ಗೋಡೆ ಬಿರಿದರೆ ಮೆತ್ತುವವನು ಅವನೇ. ಎಂದೂ ಚಪ್ಪಲಿ ಮೆಟ್ಟಿ ಒಳಗೆ ಬಂದವನಲ್ಲ. ಮಸೀದಿಯಲ್ಲಿ ಹೇಗೋ ಹಾಗೆ ಇಲ್ಲೂ ಹೊಸ್ತಿಲ ಪಕ್ಕಕ್ಕೆ ಜೋಡಿಸಿ ಇಟ್ಟು, ತುದಿಗಾಲಲ್ಲಿ ಒಳಗೆ ಹೋದ. ಹಿಂದಿನ ಕೋಣೆಯಲ್ಲಿ ಸುಗ್ಗಿ ಹಬ್ಬಕ್ಕೆ ಕಾಣಿಕೆ ಬಂದ ಜೋಳದ ಚೀಲಗಳಿದ್ದವು. ಅವುಗಳ ಹಿಂದೆ ಕೂತ.

ನಮ್ಮ ಅತ್ತೆ ಗಟ್ಟಿಗಿತ್ತಿ. ಹಸಿ ನೆಲದ ಮೇಲೆ ಮೂಡಿದ್ದ ಅವನ ಹೆಜ್ಜೆಗಳನ್ನು ಒಳಗಿನಿಂದ ಶುರು ಮಾಡಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ, ಒಂದೊಂದನ್ನೂ ಮತ್ತೆ ಸಾರಿಸಿ ಅಳಿಸಿದಳು. ಹೊಸ್ತಿಲಿಗೆ ಬಂದು ಕೂತು ಉಸಿರು ಬಿಟ್ಟಳು. ಅಷ್ಟರಲ್ಲಿ ಮಾವ ಬಂದ, ವಿಷಯ ಹೇಳಿದೆವು, ಬಾಗಿಲು ಮುಂದಕ್ಕೆಳೆದು ಅಲ್ಲೇ ಕೂತ. ಮೂವರ ಕಾಲ ಬುಡದಲ್ಲೇ ಚಪ್ಪಲಿ ಇದ್ದವು. ಯಾರೂ ನೋಡಲಿಲ್ಲ. ಗುಡಿಯ ಮುಂದೆ, ಮಸೀದಿಯ ಮುಂದೆ, ಗಿರ್ಜಾದ ಮುಂದೆ ಬಿಟ್ಟ ಚಪ್ಪಲಿಯನ್ನು ಯಾರಾದರೂ ನೋಡುತ್ತಾರೆಯೇ? ಅದು ಅಲ್ಲಿ ಇರುವುದೇ.

ಅವರು ಬಂದರು. ಬಹಳ ಜನ ಪರ ಊರಿನವರು, ಕೈಯಲ್ಲಿ ಕೊಡಲಿ, ತಲವಾರು. ದಾರಿ ತೋರಿಸುತ್ತ ಮುಂದೆ ಇದ್ದವನು ನಮ್ಮೂರ ವಾಡೆಯ ಧಣಿ. ಅವನ ವಾಡೆಯ ಬಿದ್ದ ಗೋಡೆಗಳನ್ನೂ ಇದೇ ಗೌಂಡಿ ಎತ್ತಿ ನಿಲ್ಲಿಸಿದ್ದ.

"ಮುದುಕಾ, ಗೌಂಡಿ ಎಲ್ಲಿ ಅದಾನ?"

"ನಾ ನೋಡಿಲ್ರಿ ಧಣಿ."

ಧಣಿಯ ಕಣ್ಣು ಕೆಳಗಿಳಿಯಿತು. "ಇವು ಯಾರವಲೇ?"

ಆಗಲೇ ನಾನೂ ನೋಡಿದೆ, ಚಾಚಾನ ಚಪ್ಪಲಿ. ಆದರೆ ಮಾವ ಕಣ್ಣು ಮಿಟುಕಿಸಲಿಲ್ಲ. "ರಿಪೇರಿಗಿ ಬಂದಾವ್ರಿ" ಅಂದ.

ಚಪ್ಪಲಿ ಮಾಡುವವನ ಬಳಿ ಮಂದಿಯ ಚಪ್ಪಲಿ ಇರದೆ ಇನ್ನೇನಿರುತ್ತದೆ? ಧಣಿ ಅತ್ತ ತಿರುಗಿಯೇ ಬಿಟ್ಟಿದ್ದ. ನಾನು ಒಳಗೊಳಗೇ ಸ್ವಾಮಿ, ಸ್ವಾಮಿ ಅನ್ನುತ್ತಿದ್ದೆ. ಅಷ್ಟರಲ್ಲಿ ಪರ ಊರಿನ ಒಬ್ಬ ಬಗ್ಗಿ ಒಂದು ಚಪ್ಪಲಿ ಎತ್ತಿಕೊಂಡ. ಅಟ್ಟೆ ಬಗ್ಗಿಸಿದ, ಬಾರು ಜಗ್ಗಿದ, ಹೊಲಿಗೆಗೆ ಉಗುರು ಹಾಕಿ ಎಳೆದ. ಜಪ್ಪಯ್ಯ ಎನ್ನಲಿಲ್ಲ ಅದು. ಇನ್ನೊಂದನ್ನೂ ಎತ್ತಿ ನೋಡಿದ.

"ಎಲ್ಲಿ ಹರದದ ತೋರ್ಸು" ಅಂದ.

ಎಲ್ಲಿ ತೋರಿಸುವುದು? ಮಾವನ ಕೈ ಹೊಲಿದದ್ದು ಎಂದಾದರೂ ಬಿಚ್ಚಿದ್ದುಂಟೇ? ಮಾವ ಚಪ್ಪಲಿಗೆ ಕೈ ಚಾಚಿದ. ಮೊದಲ ಏಟಿಗೇ ನೆಲಕ್ಕೆ ಬಿದ್ದ. ಅತ್ತೆ ಅಡ್ಡ ಬಿದ್ದಳು, ಅವಳಿಗೂ ಬಿದ್ದವು. ಪಕ್ಕದ ಕೊಟ್ಟಿಗೆಯಿಂದ ಒಣ ಜೋಳದ ಕಣಕಿ ತಂದು ಬಾಗಿಲ ಕೆಳಗೆ ತುರುಕಿ, "ಬರ್ತಾನೋ, ಸುಡೂಣೋ?" ಎಂದು ಕೂಗಿದರು.

ಬಾಗಿಲು ತೆರೆಯಿತು. ಚಾಚಾನ ಗಡ್ಡದ ತುಂಬ ಜೋಳದ ಧೂಳು. "ಬೆಂಕಿ ಹಚ್ಚಬ್ಯಾಡ್ರಿ, ನಾ ಬಂದೇನಿ" ಅಂದ. ನಮ್ಮ ಅತ್ತೆ ಅಳಿಸಿದ್ದ ನೆಲದ ಮೇಲೆ ಅವನ ಹೆಜ್ಜೆಗಳು ಮತ್ತೆ ಮೂಡಿದ್ದವು. ಬಿದ್ದಿದ್ದ ಮಾವನ ಹೆಗಲು ಮುಟ್ಟಿದ. ಅವರು ಎಸೆದಿದ್ದ ಚಪ್ಪಲಿಯನ್ನು ಹುಡುಕಿ, ಒಂದಾದ ಮೇಲೊಂದು ಮೆಟ್ಟಿಕೊಂಡು, ಅವರ ಮುಂದೆ ನಡೆದ. ಅವನನ್ನು ಜೀವಂತ ಕಂಡದ್ದು ಅದೇ ಕಡೆ.

ಹೋಗುವಾಗ ಬೆಂಕಿಯನ್ನೂ ಹಚ್ಚಿಯೇ ಹೋದರು. ಬಾಗಿಲು ಉರಿಯಿತು, ತೊಲೆಗಳು ಹೊಗೆಯಾಡಿದವು, ಮುಂದಿನ ಮಳೆಗೆ ಮಾಳಿಗೆ ಅರ್ಧ ಕುಸಿಯಿತು. ಚಾಚಾನನ್ನು ಮಾವನೂ, ಸಂಜೆ ಹೊಲದಿಂದ ಮರಳಿದ ನನ್ನ ಗಂಡನೂ ಹಳ್ಳದ ದಂಡೆಯಲ್ಲಿ ಕಂಡು, ತಿಳಿದ ಹಾಗೆ ಮಣ್ಣು ಮಾಡಿ ಬಂದರು. ಮಾವ ಮನೆಗೆ ಬಂದು ಹೇಳಿದ್ದು ಒಂದೇ ಮಾತು. "ಕಾಲಾಗ ಚಪ್ಪಲಿ ಇರಲಿಲ್ಲ."

ಆಮೇಲೆ ಕೇರಿಯಲ್ಲಿ, "ಚಪ್ಪಲಿನೇ ಅವನ ಜೀವ ತಿಂದು ಬಿಟ್ವು" ಎಂದು ಆಡಿಕೊಂಡರು. ಈ ಮಾತು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಚಪ್ಪಲಿ ಯಾರ ಜೀವವನ್ನೂ ತಿನ್ನುವುದಿಲ್ಲ. ಕೊಡಲಿ ಹಿಡಿದವರು ಕೊಂದರು. ಹೆಸರು ಹೇಳಲು ಬಾಯಿಲ್ಲದವರು ಚಪ್ಪಲಿಯ ಮೇಲೆ ಹಾಕಿದರು. ನಮಗೂ ಬಾಯಿರಲಿಲ್ಲ. ಧಣಿಯ ಹೊಲದಲ್ಲೇ ಕೂಲಿ, ಧಣಿಯ ಕಣದಿಂದಲೇ ಜೋಳ. ಎದುರು ಬಂದರೆ ಕೈ ಮುಗಿಯಬೇಕು. ಮುಗಿದೆವು.

ವರ್ಷಗಳು ಹೋದವು. ಬೇವಿನ ಮರದ ಕೆಳಗೆ ಮತ್ತೆ ಪ್ರಾರ್ಥನೆ ಶುರುವಾಗಿತ್ತು. ಮಳೆ ಬಂದರೆ ಬಿಟ್ಟು ಓಡುವುದು. ಮಾವ ಏಟು ತಿಂದ ಮೇಲೆ ಎದೆನೋವಿನ ಮನುಷ್ಯನಾಗಿದ್ದ. "ಅದರ ಮ್ಯಾಲ ಮಾಳಿಗಿ ನೋಡೇ ಸಾಯ್ಬೇಕವ್ವಾ" ಅನ್ನುತ್ತಿದ್ದ. ಬೀದರಿನ ಪಾದ್ರಿ ಒಮ್ಮೆ ಬಂದು, ತೊಲೆಗಳನ್ನು ನೀವು ಹೊಂದಿಸಿದರೆ ಬಾಗಿಲು, ಮೊಳೆ, ಕೂಲಿ ನಾವು ನೋಡಿಕೊಳ್ಳುತ್ತೇವೆ ಅಂದರು. ನಮ್ಮ ಬಯಲು ಸೀಮೆಯಲ್ಲಿ ತೊಲೆಗೆ ಆಗುವ ಮರ ಎಲ್ಲಿಂದ ತರುವುದು? ಆಗ ವಾಡೆಯ ಧಣಿ, ಬಿದ್ದ ಹಳೆಯ ಪಡಸಾಲೆಯ ಸಾಗವಾನಿ ತೊಲೆ ಕೊಡುತ್ತೇನೆ ಎಂದು ಹೇಳಿಕಳಿಸಿದ. ಈಗ ಅವನು ಬಿಳಿ ಬಟ್ಟೆಯ ದೊಡ್ಡ ಮನುಷ್ಯ. ಕೇರಿಯವರು ಕುಣಿದಾಡಿದರು. ಮಾವ ಹೋಗಿ ಗೋಡೆಯ ಮೇಲೆ ಬೆಳೆದ ಹುಲ್ಲು ಕಿತ್ತು ಬಂದ. ದೇವರ ಕೆಲಸಕ್ಕೆ ಆ ಕೈಯಿಂದ ಬಂದರೂ ಬರಲಿ ಅಂದುಕೊಂಡಿರಬೇಕು.

ಅದೇ ದಿನಗಳಲ್ಲಿ ವಾಡೆಯಲ್ಲಿ ಮದುವೆ. ಆಳು ಬಂದು ರಿಪೇರಿಯ ತೊಗಲು ಸಾಮಾನಿನ ಗಂಟು ಇಳಿಸಿ ಹೋದ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಎತ್ತಿನ ಕೊರಳ ಪಟ್ಟಿ, ನಾಲ್ಕಾರು ಜೋಡಿ ಚಪ್ಪಲಿ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದೆ. ಮಾವನ ಕಡೆಯಿಂದ ಸದ್ದೇ ನಿಂತಿತು. ತಿರುಗಿ ನೋಡಿದರೆ ಒಂದು ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡು ಅಟ್ಟೆ. ಹೊಲಿಗೆಯ ತೂತುಗಳಲ್ಲಿ ಸುಣ್ಣ. ಹೆಬ್ಬೆರಳಿನ ಬಾರು ಕಿತ್ತಿತ್ತು.

"ಈಗ ಹರದದ ನೋಡವ್ವಾ" ಅಂದ. "ಅವತ್ತು ಹರೀಬೇಕಿತ್ತು."

ನನ್ನ ರೊಟ್ಟಿ ಹೆಂಚಿನ ಮೇಲೆ ಸೀದು ಕರಕಾಯಿತು. ಆ ಮುದುಕ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಿಕ್ಕದ್ದನ್ನೆಲ್ಲ ಹೊಲಿದು ಕಳಿಸಿದ, ಆ ಜೋಡಿ ಕಳಿಸಲಿಲ್ಲ. ಆಳು ಕೇಳಲು ಬಂದರೆ, "ಇನ್ನಾ ರಿಪೇರಿ ಆಗಿಲ್ಲಂತ ಹೇಳಪ್ಪಾ" ಅಂದ. ಮತ್ತೆ ಬಂದ, ಮತ್ತೆ ಅದೇ ಮಾತು. ಕೊನೆಗೆ ಧಣಿಯೇ ಕೇರಿಯ ಬಾಯಿಗೆ ಬಂದು ನಿಂತ.

"ಒಂದು ಬಾರು ಹೊಲೀಲಿಕ್ಕಿ ಎಷ್ಟು ದಿವ್ಸ ಬೇಕಲೇ?"

ಮಾವ ಕೈ ಮುಗಿದೇ ಹೇಳಿದ. "ಧಣಿ, ಇವು ರಿಪೇರಿಗಿ ಬಂದಾವಂತ ಹಿಂದೊಮ್ಮಿ ಹೇಳಿದ್ದೆ. ಆಗ ನೀವು ಖರೆ ಅನ್ನಲಿಲ್ರಿ. ಈಗ ಖರೇನೇ ಬಂದಾವ."

ಧಣಿಗೆ ಅಲ್ಲಿಯ ತನಕ ಯಾವ ಚಪ್ಪಲಿ ಎಂಬ ನೆನಪೇ ಇರಲಿಲ್ಲ. ಮುಖದ ಮೇಲೆ ನೆನಪು ಬಂದದ್ದನ್ನು ನಾನು ಕಂಡೆ. ಮೆಲ್ಲಗೆ ಅಂದ, "ನಾಳಿಗಿ ತೊಲಿ ಬಂಡಿ ಬರ್ತದ. ಚಪ್ಪಲಿ ಬಂಡ್ಯಾಗ ಇಡು, ತೊಲಿ ಇಳಿಸ್ಕೋ. ಇಲ್ಲಂದ್ರ ಇಲ್ಲ."

ಅವತ್ತು ಸಂಜೆ ನಮ್ಮ ಮನೆಯಲ್ಲಿ ಆದ ಜಗಳ ದೇವರಿಗೇ ಪ್ರೀತಿ. ಅತ್ತ ದರಿ, ಇತ್ತ ಹುಲಿ. ನನ್ನ ಗಂಡ, "ಸತ್ತವರ ಹರಕ ಚಪ್ಪಲಿ ಹಿಡ್ಕೊಂಡು ಏನ್ ಮಾಡ್ತಿ ಯಪ್ಪಾ? ದೇವರು ಬಿಸಿಲಾಗ ನಿಂತಾನ!" ಎಂದು ಕೂಗಾಡಿದ. ಕೇರಿಯ ಹಿರಿಯರು ಕಾಲು ಹಿಡಿದರು. ಊರಲ್ಲೇ ಇಳಿದಿದ್ದ ಪಾದ್ರಿಗಳೂ ಬಂದು, "ಕೊಟ್ಟು ಬಿಡು, ಕ್ಷಮಿಸೋದು ನಮ್ಮ ಧರ್ಮ" ಅಂದರು.

ಮಾವ ಅವರನ್ನೇ ನೋಡಿದ. "ಅಯ್ಯಾ, ಒಮ್ಮಿ ಆ ಗೌಂಡಿನ್ನ ಕೊಟ್ಟೇವಿ. ಮತ್ತ ಕೊಡು ಅಂದ್ರ ಹ್ಯಾಂಗ್ರಿ?"

ಪಾದ್ರಿಗಳು ಎದ್ದು ಹೊರಟರು. ನನಗೂ ಭಯ. ಮನೆಯಲ್ಲಿ ಜೋಳ ಇಲ್ಲ, ನಾನು ಎರಡು ಜೀವದವಳು. ಆದರೂ ಚಪ್ಪಲಿ ಕೊಡು ಎಂದು ನನ್ನ ಬಾಯಿಂದ ಬರಲಿಲ್ಲ.

ಮರುದಿನ ಬಂಡಿ ಬಂತು. ಕಪ್ಪು ಸಾಗವಾನಿ ತೊಲೆಗಳು, ನಮ್ಮ ಗಿರ್ಜಾಕ್ಕೆ ಅಳತೆ ಮಾಡಿದ ಹಾಗಿದ್ದವು. ಮಾವ ಹತ್ತಿರ ಹೋಗಿ ಒಂದು ತೊಲೆಯ ಮೇಲೆ ಅಂಗೈ ಇಟ್ಟು ಸವರಿದ. ಆಮೇಲೆ ಎತ್ತುಗಳ ಹಗ್ಗ ಹಿಡಿದು ತಾನೇ ಬಂಡಿಯನ್ನು ತಿರುಗಿಸಿದ. ಬಂಡಿ ವಾಡೆಯ ಕಡೆ ಹೋಗುವುದನ್ನು ಇಡೀ ಕೇರಿ ನಿಂತು ನೋಡಿತು.

ವಾಡೆಯ ಕೆಲಸ ನಿಂತಿತು, ಕಣದ ಜೋಳ ನಿಂತಿತು. ಬಾವಿಯಲ್ಲಿ ಹೆಂಗಸರು ನನ್ನ ಜೊತೆ ಮಾತು ಬಿಟ್ಟರು. ದೇವರ ಮಾಳಿಗೆ ಕಳೆದವನ ಸೊಸೆ ನಾನು. ಹುಟ್ಟಿದ ಕೂಸು ಹಾಲಿಲ್ಲದೆ ಅತ್ತು ಅತ್ತು ಹೋಯಿತು. ನಾನು ಮಾವನನ್ನು ಬೈಯಲಿಲ್ಲ. ದೇವರನ್ನು ಬೈದೆ, ಬೋರ್ಡಿಂಗಿನಲ್ಲಿ ಕಲಿಸದ ಮಾತುಗಳಲ್ಲಿ ಬೈದೆ. ಮುಂದಿನ ಮಳೆಗಾಲದಲ್ಲಿ ಮಾವನೂ ಹೋದ. ಆಕಾಶವೇ ಮಾಳಿಗೆಯಾಗಿದ್ದ ಗಿರ್ಜಾದಲ್ಲಿ ಅವನ ಪೆಟ್ಟಿಗೆ ಇಟ್ಟು ನಾನು ಓದಿದೆ. ಮಳೆ ಪುಸ್ತಕದ ಮೇಲೆ ಬೀಳುತ್ತಿತ್ತು. ಅವನು ಮಾಳಿಗೆ ನೋಡಲೇ ಇಲ್ಲ. ಧಣಿ ಮಾತ್ರ ಬಹಳ ಕಾಲ ಬದುಕಿ, ತನ್ನ ಮಂಚದ ಮೇಲೆ, ಮಕ್ಕಳ ಕೈಯಿಂದ ನೀರು ಕುಡಿದು ಸತ್ತ. ನ್ಯಾಯ ಎಂಬುದು ಎಲ್ಲಿದೆಯೋ ನನಗಂತೂ ಗೊತ್ತಿಲ್ಲ.

ಮಾವನನ್ನು ಮಣ್ಣು ಮಾಡಿದ ಮೇಲೆ ನಾನು ಆ ಚಪ್ಪಲಿ ಕಟ್ಟಿಕೊಂಡು ಬೀದರಿಗೆ ಹೋದೆ. ಚೌಬಾರದ ಹಿಂದಿನ ಓಣಿಯಲ್ಲಿ, ತನ್ನ ಅಣ್ಣನ ಮನೆಯ ಒಂದು ಮೂಲೆಯಲ್ಲಿ ಚಾಚಿ ಕೌದಿ ಹೊಲಿಯುತ್ತ ಕೂತಿದ್ದಳು. ಗಂಟು ಬಿಚ್ಚಿದೆ. ಅವಳು ಚಪ್ಪಲಿ ಉಡಿಯಲ್ಲಿ ಇಟ್ಟುಕೊಂಡು, ಕಿತ್ತ ಬಾರಿನೊಳಗೆ ಬೆರಳು ತೂರಿಸಿ ಕೂತಳು. ತೊಲೆಯ ಬಂಡಿಯ ತನಕ ಎಲ್ಲವನ್ನೂ ಹೇಳಿದೆ.

"ನಿಮ್ಮ ಮಾವ ಹೊಲೀಲೇ ಇಲ್ಲೇನು?" ಎಂದು ಕೇಳಿದಳು.

"ಹೊಲದ್ರ ಕೊಡಬೇಕಾಗ್ತಿತ್ತಲ್ಲ ಚಾಚಿ."

ಅವಳು ತಲೆಯಾಡಿಸಿದಳು. ಚಪ್ಪಲಿಯನ್ನು ತನ್ನ ಸೆರಗಿನಿಂದ ಒರೆಸಿ ಮತ್ತೆ ನನ್ನ ಕೈಗೇ ಇಟ್ಟಳು. "ಹೊರಗ ಬಿಟ್ಟಿದ್ದಕ್ಕ ಅವರು ಹೋದ್ರು ಬೇಟಿ. ಒಳಗ ಇಡ್ರಿ."

ತಂದು ಒಳಗೆ, ಬಾಗಿಲ ಬಲಗಡೆ, ಸುಟ್ಟ ಗೋಡೆಯ ಬುಡದಲ್ಲಿ ಇಟ್ಟೆ. ಮಾವ ಹೋದ ಮೇಲೆ ಪ್ರಾರ್ಥನೆ ಬೇವಿನ ಮರದಿಂದ ಆ ಗೋಡೆಗಳೊಳಗೇ ಮರಳಿತ್ತು. ಆ ಆದಿತ್ಯವಾರ ಅತ್ತೆ ತನ್ನ ಚಪ್ಪಲಿ ಕೈಯಲ್ಲಿ ಹಿಡಿದು ತಂದು ಅದರ ಪಕ್ಕಕ್ಕೆ ಇಟ್ಟಳು. ನನ್ನ ಗಂಡ ಹೊರಗೆ ಬಿಟ್ಟವನು, ಹಿಂದಕ್ಕೆ ಹೋಗಿ ಎತ್ತಿಕೊಂಡು ಬಂದ. ಬಾವಿಯಲ್ಲಿ ಮಾತು ಬಿಟ್ಟ ಹೆಂಗಸರೂ ತಂದರು. ಯಾರೂ ಯಾರಿಗೂ ಹೇಳಲಿಲ್ಲ. ಎಷ್ಟೋ ಕಾಲದ ಮೇಲೆ ಜಾಲಿ ಕಂಬ ನಿಲ್ಲಿಸಿ ತಗಡು ಹೊದಿಸಿದೆವು. ಮಳೆ ಬಿದ್ದರೆ ಆ ಸದ್ದಿಗೆ ಪಾದ್ರಿಯ ಪ್ರಸಂಗ ಕೇಳುವುದಿಲ್ಲ.

ಮೊನ್ನೆ ರಿಪೇರಿಗೆ ಬಂದ ಹುಡುಗರು ಗೋಡೆಯ ಬುಡ ಗುಡಿಸುತ್ತಿದ್ದರು. ಒಬ್ಬ ಆ ಜೋಡಿಯನ್ನು ಕಟ್ಟಿಗೆಯ ತುದಿಯಲ್ಲಿ ಎತ್ತಿ, "ಅಜ್ಜಿ, ಈ ಹರಕ ಚಪ್ಪಲಿ ಒಗೀಲೇನು?" ಎಂದು ಕೇಳಿದ.

"ಇಡಪ್ಪಾ ಅಲ್ಲೇ" ಅಂದೆ. "ರಿಪೇರಿಗಿ ಬಂದಾವ."